ಶರಣವ್ವನ ದೂರು

ಉಣಕಲ್, ಹುಬ್ಬಳ್ಳಿ
೧೨ ಜೂನ್ ೨೦೨೫

ಚಿ. ವೃಂದಾಳಿಗೆ ದಾಕ್ಷಾಯಿಣಿ ಅಂಗಡಿಯ ಆಶೀರ್ವಾದ.

ಊಟ ಆಯಿತೇ, ಅಲ್ಲಿ ಚಳಿ ಹೇಗಿದೆ ಎಂದು ಕೇಳಿ ಕಾಗದ ತುಂಬಿಸುವುದಿಲ್ಲ. ನಿನಗೆ ಕೆಲಸವಿದೆ, ನನಗೂ ಇದೆ. ಮೊನ್ನೆ ನಿನ್ನ ಅಪ್ಪ ದತ್ತು ಧಾರವಾಡದಿಂದ ಬಂದಿದ್ದ. ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿದ್ದಾಗ ಕೂರುತ್ತಿದ್ದ ಹಾಗೆಯೇ ಕಟ್ಟೆಯ ಮೇಲೆ ಕೂತು ಚಹಾ ಕುಡಿದ. ನೀನು ಜರ್ಮನಿಯಲ್ಲಿ ವಕೀಲರ ಜೊತೆ ಇದ್ದೀಯಂತೆ. ಅಲ್ಲಿಯ ದೊಡ್ಡ ಕಂಪನಿಗಳು ಬೇರೆ ದೇಶದಿಂದ ಸರಕು ಕೊಂಡಾಗ, ಆ ಸರಕಿಗಾಗಿ ದುಡಿಯುವವರಿಗೆ ಕೇಡಾದರೆ ಕಂಪನಿಯನ್ನೇ ಹಿಡಿದು ಕೇಳುವ ಕಾಯಿದೆ ಇದೆಯಂತೆ. ದತ್ತು ಮೊದಲಿನಿಂದಲೂ ಒಂದಕ್ಕೆ ಎರಡು ಸೇರಿಸಿ ಹೇಳುವವನು. ಆದ್ದರಿಂದ ನಿನ್ನನ್ನೇ ಕೇಳುತ್ತಿದ್ದೇನೆ. ಇದು ಖರೆಯೋ?

ಕೇಳುವುದು ನಮ್ಮ ಓಣಿಯ ಒಬ್ಬ ಹೆಣ್ಣುಮಗಳ ಸಲುವಾಗಿ. ಬೈಪಾಸಿನ ಹತ್ತಿರ ಬಸವಪ್ರಭು ಎಂಬವನ ಮೆಣಸಿನಕಾಯಿ ಗೋದಾಮು ಇದೆ. ಅಲ್ಲಿ ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಬ್ಯಾಡಗಿ ಕಾಯಿಯ ತೊಟ್ಟು ಬಿಡಿಸುತ್ತಾರೆ. ಸುಗ್ಗಿ ಮುಗಿದ ಮೇಲೂ ಶೀತಲ ಗೋದಾಮಿನಿಂದ ಚೀಲ ಬರುತ್ತಲೇ ಇರುತ್ತವೆ, ಹೀಗಾಗಿ ವರ್ಷವಿಡೀ ಕೆಲಸ. ಬಾಗಿಲು ಒಂದೇ, ಕಿಟಕಿ ಇಲ್ಲ. ಖಾರದ ಧೂಳು ಒಳಗೇ ಸುತ್ತುತ್ತದೆ. ಮೂಗಿಗೆ ಸೆರಗು ಕಟ್ಟಿಕೊಳ್ಳುತ್ತಾರೆ, ಅಷ್ಟೇ. ಆ ಕಾಯಿಯ ಕೆಂಪು ಬಣ್ಣ ತೆಗೆದು ನಿಮ್ಮ ಕಡೆ ತುಟಿಗೆ ಹಚ್ಚುವುದರಲ್ಲೂ ತಿನ್ನುವುದರಲ್ಲೂ ಹಾಕುತ್ತಾರಂತೆ. ಚೀಲದ ಮೇಲೆ ಜರ್ಮನಿಯ ಕಂಪನಿಯ ಗುರುತು ಇರುತ್ತದೆ. ಅದರ ಹೆಸರು ಬೇರೆ ಚೀಟಿಯಲ್ಲಿ ಬರೆದಿದ್ದೇನೆ.

ಈ ಹೆಣ್ಣುಮಗಳ ಶ್ವಾಸಕೋಶ ಬಿಗಿದುಕೊಂಡಿದೆ. ಇನ್ನು ಸಡಿಲಾಗುವುದಿಲ್ಲ, ಮನೆಯಲ್ಲಿ ಆಕ್ಸಿಜನ್ ಮಷಿನ್ ಇಟ್ಟುಕೊಳ್ಳಬೇಕು ಎಂದು ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳಿದ್ದಾರೆ. ಅದು ಅವಳ ಮನೆಯವರ ಕೈಗೆ ನಿಲುಕುವಂಥದ್ದಲ್ಲ. ಯಾರ ಸರಕಿಗಾಗಿ ಉಸಿರು ಹೋಯಿತೋ ಅವರು ಮಷಿನ್ ಕೊಡಲಿ. ನಾನು ಕೇಳುವುದು ಇಷ್ಟೇ.

ಫೋನು ಮಾಡಬೇಡ. ಈ ಮನೆಯಲ್ಲಿ ಒಂದು ಕೋಣೆಯ ಮಾತು ಇನ್ನೊಂದು ಕೋಣೆಗೆ ಕೇಳುತ್ತದೆ. ಝೆರಾಕ್ಸ್ ಅಂಗಡಿಯ ಆರ್ಜೂ ನನ್ನ ಕಾಗದದ ಫೋಟೋ ತೆಗೆದು ನಿನಗೆ ಕಳಿಸುತ್ತಾಳೆ. ನಿನ್ನದನ್ನು ಛಾಪಿಸಿ ನನಗೆ ಕೊಡುತ್ತಾಳೆ. ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ಓದುತ್ತಾಳೆಂದು ನನಗೆ ಗೊತ್ತಿದೆ.

ದಾಕ್ಷಾಯಿಣಿ ಅಂಗಡಿ


ಹ್ಯಾಂಬರ್ಗ್
೧೫ ಜೂನ್ ೨೦೨೫

ಪೂಜ್ಯ ಅಜ್ಜಿಯವರಿಗೆ ವೃಂದಾಳ ನಮಸ್ಕಾರಗಳು.

ನಿಮ್ಮ ಅಕ್ಷರ ನೋಡಿ ಎಷ್ಟು ಹಿಗ್ಗಾಯಿತೆಂದರೆ ಎರಡು ಸಲ ಓದಿದ ಮೇಲೆಯೇ ವಿಷಯ ತಲೆಗೆ ಹೋಯಿತು. ಪಾಟಿಯ ಮೇಲೆ ಕಾಗುಣಿತ ತಿದ್ದಿಸಿದ್ದು ನೀವೇ ಅಲ್ಲವೇ?

ಅಪ್ಪ ಹೇಳಿದ್ದು ಈ ಸಲ ಖರೆ. ಇಲ್ಲಿಯ ದೊಡ್ಡ ಕಂಪನಿ ತನ್ನ ಸರಕು ಎಲ್ಲಿಂದ ಬರುತ್ತದೆ, ಅಲ್ಲಿ ದುಡಿಯುವವರಿಗೆ ಏನಾಗುತ್ತಿದೆ ಎಂದು ನೋಡಿಕೊಳ್ಳಲೇಬೇಕು. ದೂರು ಬಂದರೆ ವಿಚಾರಿಸಬೇಕು, ಸರಿಪಡಿಸಬೇಕು. ಮಾಡದಿದ್ದರೆ ಸರ್ಕಾರಿ ಕಚೇರಿ ಕೇಳುತ್ತದೆ. ಇಂಥ ದೂರುಗಳನ್ನು ಬರೆದುಕೊಡುವುದೇ ನನ್ನ ಕೆಲಸ. ನೀವು ಬರೆದ ಕಂಪನಿ ಈ ಕಾಯಿದೆಯೊಳಗೆ ಬರುತ್ತದೆ.

ನೀವು ಹೆಸರು ಬರೆಯಲಿಲ್ಲ, ಆದರೂ ಯಾರೆಂದು ಊಹಿಸಿದೆ. ಮಾಬೂಬಿ ಚಾಚಿ ಅಲ್ಲವೇ? ನಾನು ಸಣ್ಣವಳಿದ್ದಾಗಲೇ ಅವರ ಬೆರಳ ತುದಿಗಳು ಕೆಂಪಗಿರುತ್ತಿದ್ದವು. ಚಾಚಿಗೆ ಧೈರ್ಯ ಹೇಳಿ. ಅವರ ಪೂರ್ತಿ ಹೆಸರು, ಎಷ್ಟು ವರ್ಷದಿಂದ ಅಲ್ಲಿ ದುಡಿಯುತ್ತಿದ್ದಾರೆ ಎಂಬುದು, ಮತ್ತು ಆಸ್ಪತ್ರೆಯ ಕಾಗದಗಳು ಬೇಕು. ಹೆಸರಿಲ್ಲದ ದೂರನ್ನು ಕಂಪನಿಯವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಮಷಿನಿನ ವಿಷಯ ಆಮೇಲೆ ನೋಡೋಣ. ಮೊದಲು ದೂರು ದಾಖಲಾಗಲಿ. ಮನೆಯಲ್ಲಿ ಶರಣವ್ವ ಕಾಕುಗೆ ನನ್ನ ನೆನಪು ಹೇಳಿ.

ನಿಮ್ಮ ವೃಂದಾ


ಉಣಕಲ್
೮ ಜುಲೈ ೨೦೨೫

ಚಿ. ವೃಂದಾಳಿಗೆ ಆಶೀರ್ವಾದ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ತಡ ಮಾಡಿದ್ದು ನಾನು, ಆರ್ಜೂ ಅಲ್ಲ. ಅವಳನ್ನು ಬೈದು ಸಂದೇಶ ಕಳಿಸಿದೆಯಂತೆ. ಇನ್ನು ಹಾಗೆ ಮಾಡಬೇಡ.

ಅದು ಮಾಬೂಬಿ ಅಲ್ಲ. ಶರಣವ್ವ.

ನೀನು ಈ ಮನೆಯನ್ನು ಕಂಡವಳು. ನಮ್ಮ ಯಜಮಾನರ ದಲಾಲಿ ಅಂಗಡಿ ಇದ್ದ ಕಾಲದಲ್ಲಿ ಇದೇ ಅಂಗಳದಲ್ಲಿ ಕಾಯಿಯ ರಾಶಿ ಬೀಳುತ್ತಿತ್ತು. ತೊಟ್ಟು ಬಿಡಿಸುವವರು ಕೆಳಗೆ ಕೂರುತ್ತಿದ್ದರು, ನಾನು ಕಟ್ಟೆಯ ಮೇಲೆ ಕೂತು ನೋಡಿಕೊಳ್ಳುತ್ತಿದ್ದೆ. ಬಸವಪ್ರಭು ಆಗ ನಮ್ಮ ಅಂಗಡಿಯಲ್ಲಿ ತೂಕ ಬರೆಯುವ ಗುಮಾಸ್ತ. ಯಜಮಾನರು ಹೋದರು, ಅಂಗಡಿ ಹೋಯಿತು. ಮಗ ಗುರುಪಾದ ಯಾರದೋ ಟೆಂಪೋ ಓಡಿಸುತ್ತಾನೆ. ಇದನ್ನೆಲ್ಲ ದತ್ತು ನಿನಗೆ ಹೇಳಿರುತ್ತಾನೆ. ಅವನು ಹೇಳದೆ ಬಿಡುವವನಲ್ಲ.

ಸೊಸೆ ಗೋದಾಮಿಗೆ ಹೋಗುತ್ತೇನೆಂದು ನನ್ನನ್ನು ಕೇಳಲಿಲ್ಲ. ವಿದ್ಯಾನಗರದಲ್ಲಿ ಹೊಲಿಗೆ ಕಲಿಸಲು ಹೋಗುತ್ತೇನೆ ಅಂದಳು. ಓಣಿಯಲ್ಲಿ ಕೇಳಿದವರಿಗೆ ನಾನೂ ಹಾಗೆಯೇ ಹೇಳಿದೆ. ಹೊಲಿಗೆ ಕಲಿಸುವವಳ ಸೀರೆ ಝಾಡಿಸಿದರೆ ಮನೆಮಂದಿಯೆಲ್ಲ ಸೀನುವುದಿಲ್ಲ. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ಬಿಟ್ಟು ಕೇಳಿದ್ದರೆ ಅವಳು ಬಾಯಿ ಬಿಟ್ಟು ಹೇಳಬೇಕಾಗುತ್ತಿತ್ತು. ಆಮೇಲೆ ಹೋಗಬೇಡ ಎನ್ನಬೇಕಾಗುತ್ತಿತ್ತು. ಹಾಗೆ ಆರು ವರ್ಷ ನಡೆಯಿತು.

ಈಗ ಅವಳು ನಡುಮನೆಯಲ್ಲಿ ಗೋಡೆಗೆ ದಿಂಬು ಆನಿಸಿಕೊಂಡು ಕೂತಿರುತ್ತಾಳೆ. ಮಲಗಿದರೆ ಉಸಿರು ಸಿಗುವುದಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಮಾತಾಡಲು ಹೊತ್ತು ಹಿಡಿಯುತ್ತದೆ. ವಯಸ್ಸು ನಲವತ್ತನಾಲ್ಕು.

ಹೆಸರು ಶರಣವ್ವ ಗುರುಪಾದ ಅಂಗಡಿ. ಬರೆದುಕೋ. ಆಸ್ಪತ್ರೆಯ ಕಾಗದಗಳನ್ನೆಲ್ಲ ಆರ್ಜೂ ಇದರ ಜೊತೆ ಕಳಿಸುತ್ತಾಳೆ. ಈ ವಿಷಯ ದತ್ತುವಿಗೆ ಹೋಗಕೂಡದು.

ದಾಕ್ಷಾಯಿಣಿ ಅಂಗಡಿ


ಹ್ಯಾಂಬರ್ಗ್
೨ ಸೆಪ್ಟೆಂಬರ್ ೨೦೨೫

ಪೂಜ್ಯ ಅಜ್ಜಿಯವರಿಗೆ,

ಕಾಕುವಿನ ಹೆಸರು ಓದಿದ ದಿನ ನಾನು ಕೆಲಸ ಮಾಡಲಿಲ್ಲ. ಅದರ ಬಗ್ಗೆ ಹೆಚ್ಚು ಬರೆದರೆ ನಿಮಗೆ ಸೇರುವುದಿಲ್ಲವೆಂದು ಗೊತ್ತಿದೆ.

ದೂರು ಜುಲೈ ಕೊನೆಗೆ ಹೋಯಿತು. ಕಂಪನಿಯ ಉತ್ತರ ಬಂದಿದೆ. ಭಾಷೆ ಬಹಳ ಸಭ್ಯವಾಗಿದೆ. ಎರಡು ಮಾತು ಹೇಳಿದ್ದಾರೆ. ಒಂದು, ಗೋದಾಮಿನ ಮಾಲೀಕರು ತಮ್ಮ ಹಾಜರಿಯಲ್ಲಿ ಈ ಹೆಸರಿನ ಹೆಂಗಸೇ ಇಲ್ಲ ಅಂದಿದ್ದಾರೆ. ಇದು ನಾವು ಎಣಿಸಿದ್ದೇ. ಬಿಡಿಸುವವರನ್ನು ಮುಕಾದಮ ಕರೆತರುತ್ತಾನೆ, ಯಾರ ಹೆಸರೂ ಎಲ್ಲೂ ಇರುವುದಿಲ್ಲ. ಜೊತೆಗೆ ಕೂತವರಲ್ಲಿ ಒಬ್ಬರು ತಮ್ಮ ಹೆಸರು ಹೇಳಿ ಸಾಕ್ಷಿ ನುಡಿದರೂ ಸಾಕು.

ಎರಡನೆಯದು ವಿಚಿತ್ರವಾಗಿದೆ. ಆಸ್ಪತ್ರೆಯ ಮೊದಲನೆಯ ಕಾಗದದಲ್ಲಿ ಕಾಕುವಿನ ಕೆಲಸದ ಬಗ್ಗೆ 'ಗೃಹಿಣಿ, ಹೊರಗೆ ದುಡಿಯುವುದಿಲ್ಲ, ಬಹಳ ವರ್ಷ ಕಟ್ಟಿಗೆ ಒಲೆಯ ಹೊಗೆ' ಎಂದು ಬರೆದಿದೆಯಂತೆ. ಡಾಕ್ಟರ ಅಕ್ಷರ ತಿಳಿಯದೆ ನಾನು ಅದನ್ನು ದಾಟಿಹೋಗಿದ್ದೆ. ಕಂಪನಿಯ ವಕೀಲರು ದಾಟಲಿಲ್ಲ. ಹೊಗೆಯಿಂದಲೂ ಇಂಥ ರೋಗ ಬರುತ್ತದೆ, ಇದಕ್ಕೂ ನಮಗೂ ಸಂಬಂಧವಿಲ್ಲ ಅನ್ನುತ್ತಿದ್ದಾರೆ. ನಿಮ್ಮ ಮನೆಯಲ್ಲಿ ನಾನು ಹುಟ್ಟುವ ಮೊದಲೇ ಗ್ಯಾಸ್ ಇತ್ತು! ಯಾವನೋ ಅವಸರದ ಹುಡುಗ ಇನ್ನೊಬ್ಬರದನ್ನು ಇಲ್ಲಿ ಬರೆದಿರಬೇಕು. ಡಾಕ್ಟರಿಗೆ ಹೇಳಿ ತಿದ್ದಿಸಿ ಕಳಿಸಿ. ಸಣ್ಣ ಕೆಲಸ, ಆದರೆ ಇಡೀ ದೂರು ಈಗ ಅದರ ಮೇಲೆ ನಿಂತಿದೆ.

ನಿಮ್ಮ ವೃಂದಾ


ಉಣಕಲ್
೧೪ ಸೆಪ್ಟೆಂಬರ್ ೨೦೨೫

ಚಿ. ವೃಂದಾಳಿಗೆ,

ಯಾವ ಹುಡುಗನೂ ತಪ್ಪು ಬರೆಯಲಿಲ್ಲ. ನಾನು ಹೇಳಿದ್ದನ್ನೇ ಬರೆದಿದ್ದಾರೆ.

ಆ ದಿನ ಆಸ್ಪತ್ರೆಗೆ ಶಿರಗುಪ್ಪಿಯಿಂದ ಶರಣವ್ವನ ತವರಿನವರು ಬಂದಿದ್ದರು. ಅವಳ ಅಣ್ಣ, ಅಣ್ಣನ ಹೆಂಡತಿ, ಅವರ ಬೀಗರು ಬೇರೆ. ಎಲ್ಲರೂ ಡಾಕ್ಟರ ಕೋಣೆಯೊಳಗೇ ನಿಂತಿದ್ದರು. ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯವರು. "ಇವರು ಏನು ಕೆಲಸಾ ಮಾಡ್ತಾರ್ರಿ?" ಎಂದು ಕೇಳಿದರು. ಶರಣವ್ವ ತಲೆ ಎತ್ತಿದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ನಮ್ಮ ಮನಿ ಸೊಸಿ ಹೊರಗ ದುಡಿಯಾಕ ಹೋಗೂದಿಲ್ರಿ."

"ಹಂಗಾದ್ರ ಒಲಿ ಮುಂದ ಕೂಡ್ತಿದ್ರೇನು?" ಅಂದರು.

"ಹೂಂ. ಒಲಿ ಮುಂದ," ಅಂದೆ.

ಶರಣವ್ವ ತಲೆ ತಗ್ಗಿಸಿದಳು. ಅಣ್ಣನ ಹೆಂಡತಿ ಸಮಾಧಾನದಿಂದ ಸೆರಗು ಸರಿಮಾಡಿಕೊಂಡಳು. ಅಂಗಡಿಯವರ ಮನೆಗೆ ಹೆಣ್ಣು ಕೊಟ್ಟವರು ಅವರು. ಅವರ ಎದುರು ನಿನ್ನ ತಾಯಿ ಇದ್ದರೂ ಹಾಗೆಯೇ ಹೇಳುತ್ತಿದ್ದಳು. ಒಂದು ಮಾತು ಉಸಿರಿನ ಲೆಕ್ಕಕ್ಕೆ ಬರುತ್ತದೆಂದು ಆಗ ನನಗೆ ಯಾರೂ ಹೇಳಿರಲಿಲ್ಲ.

ನಿನ್ನ ಪತ್ರ ಬಂದ ಮರುದಿನವೇ ಆಸ್ಪತ್ರೆಗೆ ಹೋದೆ. ಬಾಗಿಲ ಹೊರಗೆ ಮಂದಿಯ ನಡುವೆ ಕೂತು ಸರದಿ ಕಾದೆ. ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಅವತ್ತ ನೀವು ಹೇಳಿದ್ದನ್ನ ಬರದೇನ್ರಿ ಅಮ್ಮಾರ. ಇವತ್ತ ಹೇಳೂದನ್ನ ಇವತ್ತಿನ ತಾರೀಖ ಹಾಕಿ ಬರೀತೇನಿ. ಹಳೇದನ್ನ ಅಳಸಾಕ ಬರೂದಿಲ್ಲ," ಅಂದರು. ಬರೆದುಕೊಟ್ಟರು. 'ರೋಗಿಯ ಅತ್ತೆ ಈಗ ಹೀಗೆ ಹೇಳುತ್ತಾರೆ' ಎಂದು ಬರೆದಿದ್ದಾರೆ. ಅದನ್ನು ಓದುವಷ್ಟು ಇಂಗ್ಲಿಷು ನನಗೆ ಬರುತ್ತದೆ. ನಾನು ಸುಳ್ಳುಗಾರಳೆಂದು ಬರೆದಿಲ್ಲ. ಆದರೆ ಓದಿದವರು ಹಾಗೆ ತಿಳಿದರೆ ತಡೆಯುವ ಹಾಗೂ ಇಲ್ಲ.

ಸಾಕ್ಷಿಗೆ ಮಾಬೂಬಿಯ ಮನೆಗೆ ಹೋದೆ. ಅವಳ ಮನೆಯ ಹೊಸ್ತಿಲು ನಾನು ಅಲ್ಲಿಯವರೆಗೆ ದಾಟಿರಲಿಲ್ಲ. ಅವಳು ಚಾಪೆ ಹಾಸಿದಳು, ನಾನು ಕೂತೆ. ಶರಣವ್ವ ಆರು ವರ್ಷ ಕೂತದ್ದು ಅವಳ ಪಕ್ಕದಲ್ಲಿಯೇ. ಅವಳ ಸೊಸೆ ನಿಶಾತ ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದಳು. ಮಾಬೂಬಿ ಅವಳ ಕಡೆ ನೋಡಲಿಲ್ಲ. "ಬರ್ಕೊಳ್ರಿ ಅವ್ವಾರ ನನ್ನ ಹೆಸರು. ಶರಣವ್ವ ನನಗ ಡಬ್ಬಿ ಬಿಚ್ಚಿ ರೊಟ್ಟಿ ಕೊಟ್ಟಾಕಿ. ನೀವು ಆಕಿನ್ನ ಹೊಲಿಗಿ ಮಾಸ್ತರಣಿ ಅಂತ ಹೇಳ್ಕೊಂತ ತಿರಗಿದಾಗ ನಮಗ ನಗು ಬರ್ತಿತ್ತು," ಅಂದಳು.

ನಾನು ಕಾಗದ ಬಿಚ್ಚಿ ಬರೆದುಕೊಂಡೆ. ಅವಳ ಹೆಸರು, ಹೆಬ್ಬೆಟ್ಟು ಎರಡೂ ಇದರ ಜೊತೆ ಇವೆ.

ಶರಣವ್ವನಿಗೆ ಈ ಯಾವುದೂ ಗೊತ್ತಿಲ್ಲ. ಮಷಿನ್ ಬಂದ ಮೇಲೆ ಹೇಳುತ್ತೇನೆ. ಅದು ಎಂದು ಬರುತ್ತದೆಂದು ನೀನು ಇನ್ನೂ ಬರೆದಿಲ್ಲ.

ದಾಕ್ಷಾಯಿಣಿ


ಹ್ಯಾಂಬರ್ಗ್
೨೦ ನವೆಂಬರ್ ೨೦೨೫

ಪೂಜ್ಯ ಅಜ್ಜಿಯವರಿಗೆ,

ಕೊನೆಗೂ ಒಂದು ಒಳ್ಳೆಯ ಸುದ್ದಿ. ಮಾಬೂಬಿ ಚಾಚಿಯ ಸಾಕ್ಷಿ ಹೋದ ಮೇಲೆ ಕಂಪನಿಯ ದನಿ ಬದಲಾಯಿತು. ಬೆಂಗಳೂರಿನಿಂದ ತಮ್ಮವರನ್ನು ಕಳಿಸಿ ಗೋದಾಮು ನೋಡಿಸಿದ್ದಾರೆ. ಕಿಟಕಿ ಇಲ್ಲದ್ದು, ಫ್ಯಾನು ಇಲ್ಲದ್ದು, ಹಾಜರಿ ಇಲ್ಲದ್ದು ಎಲ್ಲವನ್ನೂ ಒಪ್ಪಿಕೊಂಡಿದ್ದಾರೆ. ಕಾಕುವಿನ ರೋಗದ ಕಾರಣ 'ಖಚಿತವಾಗಿಲ್ಲ' ಎಂಬ ಮಾತನ್ನು ಮಾತ್ರ ಬಿಟ್ಟಿಲ್ಲ. ಆದರೆ ಬಸವಪ್ರಭುವಿನ ಗೋದಾಮಿನಿಂದ ಇನ್ನು ಒಂದು ಚೀಲವನ್ನೂ ಕೊಳ್ಳುವುದಿಲ್ಲವೆಂದು ಬರೆದುಕೊಟ್ಟಿದ್ದಾರೆ.

ಅಜ್ಜಿ, ಉಣಕಲ್‌ನ ಇಬ್ಬರು ಹೆಂಗಸರ ಮಾತಿಗೆ ಇಲ್ಲಿಯ ಇಷ್ಟು ದೊಡ್ಡ ಕಂಪನಿ ತನ್ನ ಖರೀದಿ ನಿಲ್ಲಿಸಿತು. ನಮ್ಮ ಕಚೇರಿಯಲ್ಲಿ ಎಲ್ಲರೂ ನಿಮ್ಮ ಹೆಸರು ಕೇಳಿದರು. ಉಚ್ಚಾರ ಮಾಡಲು ಬರಲಿಲ್ಲ, ಆದರೂ ಕಷ್ಟಪಟ್ಟರು.

ಮಾಬೂಬಿ ಚಾಚಿಗೆ ನನ್ನ ಸಲಾಮು ಹೇಳಿ. ಬಸವಪ್ರಭು ಈಗ ಏನನ್ನುತ್ತಿದ್ದಾನೆ? ಬೇಗ ಬರೆಯಿರಿ.

ನಿಮ್ಮ ವೃಂದಾ


ಉಣಕಲ್
೭ ಡಿಸೆಂಬರ್ ೨೦೨೫

ವೃಂದಾ,

ಬಸವಪ್ರಭು ಏನನ್ನುತ್ತಿದ್ದಾನೆ ಎಂದು ಕೇಳಿದ್ದೀ. ಅವನು ಏನೂ ಅನ್ನುತ್ತಿಲ್ಲ. ಗೋದಾಮಿಗೆ ಕೀಲಿ ಹಾಕಿ ಮನೆಯಲ್ಲಿ ಕೂತಿದ್ದಾನೆ. ಅವನಿಗೆ ಕೂತು ತಿನ್ನುವಷ್ಟು ಇದೆ. ಅನ್ನುತ್ತಿರುವವರು ಬಿಡಿಸುವ ಹೆಂಗಸರು.

ಅವರು ನಮ್ಮ ಅಂಗಳಕ್ಕೆ ಬಂದಿದ್ದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಮಾಬೂಬಿ ಎಲ್ಲರ ಮುಂದೆ ನಿಂತು ಹೇಳಿದಳು: "ಧೂಳ ತಗಸ್ರಿ ಅಂತ ನಿಮಗ ಹೆಸರ ಕೊಟ್ಟೆ ಅವ್ವಾರ. ನೀವು ನಮ್ಮ ಹೊಟ್ಟೀನ ತಗಸಿದ್ರಿ." ಹೀಗೆ ಹೇಳಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಾಟಿ ಒಳಗೆ ಹೋಗಿ ಶರಣವ್ವನ ಬೆನ್ನು ಸವರಿ ಹೋದಳು. ನಿಶಾತ ಮಾತ್ರ ಹೊರಗೇ ನಿಂತಿದ್ದಳು. ಅವಳು ನನ್ನ ಮುಖ ನೋಡುವುದಿಲ್ಲ.

ಕೊಳ್ಳಬೇಡಿ ಎಂದು ಯಾರು ಕೇಳಿದ್ದರು? ನನ್ನ ಮೊದಲನೆಯ ಪತ್ರ ತೆಗೆದು ನೋಡು. ಮಷಿನ್ ಕೊಡಿ ಎಂದು ಕೇಳಿದ್ದೆ. ಬೇಕಾದರೆ ಗೋಡೆಗೆ ಎರಡು ಕಿಟಕಿ ಇಡಲಿ, ಧೂಳು ಹೊರಗೆಳೆಯುವ ಫ್ಯಾನು ಹಾಕಲಿ. ಅಷ್ಟು ಮಾಡಲು ಆಗದವರು ಬಾಗಿಲನ್ನೇ ಮುಚ್ಚಿ ಹೋದರು, ನೀನು ಅದಕ್ಕೆ ಒಳ್ಳೆಯ ಸುದ್ದಿ ಎಂದು ಹೆಸರಿಟ್ಟೆ. ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬೈಯುವುದಿದ್ದರೆ ನಿನಗೆ ಗೊತ್ತಾಗುತ್ತಿತ್ತು.

ಹೆಂಗಸರು ಹೋದ ಮೇಲೆ ಶರಣವ್ವನಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವಳು ಕೇಳಿಸಿಕೊಂಡಳು. ಅತ್ತರೆ ಉಸಿರು ಕಟ್ಟುತ್ತದೆ, ಆದ್ದರಿಂದ ಅವಳು ಅಳುವುದನ್ನು ಬಿಟ್ಟಿದ್ದಾಳೆ. ಮಾತಿಗೊಮ್ಮೆ ಉಸಿರೆಳೆದುಕೊಂಡು ಹೇಳಿದಳು:

"ಅತ್ತಿ, ಡಾಕ್ಟರ್ ಮುಂದ ನೀವ ಹೇಳಿದ್ರಿ. ಕಂಪನಿ ಮುಂದನೂ ನೀವ ಹೇಳಿದ್ರಿ. ನನ್ನ ಯಾರ ಕೇಳ್ಯಾರ? ಇನ್ನ ಮ್ಯಾಲೆ ನನ್ನ ಹೆಸರ ಯಾರ ಮುಂದೂ ತಗೀಬ್ಯಾಡ್ರಿ."

ಮದುವೆಯಾಗಿ ಬಂದ ಮೇಲೆ ಅವಳು ನನಗೆ ಇಷ್ಟು ಮಾತನ್ನು ಒಟ್ಟಿಗೆ ಹೇಳಿದ್ದು ಇದೇ ಮೊದಲು. ಇಷ್ಟು ಮಾತಿಗೆ ಅವಳಿಗೆ ಎಷ್ಟು ಉಸಿರು ಖರ್ಚಾಯಿತೆಂದು ನಾನು ಕಣ್ಣಾರೆ ಕಂಡೆ.

ಅವಳ ತವರಿನವರಿಗೂ ಸುದ್ದಿ ಮುಟ್ಟಿದೆ. ಅಣ್ಣ ಬಂದು, ಅಂಗಡಿಯವರ ಮನೆಯಲ್ಲಿ ತಂಗಿಯನ್ನು ಕೂಲಿಗೆ ಕಳಿಸುತ್ತಿದ್ದಿರೇನು ಎಂದು ಕೇಳಿದ. ಹೌದೆಂದೆ. ಗುರುಪಾದ ಆ ಮಾತು ಮುಗಿಯುವ ಮೊದಲೇ ಎದ್ದು ಟೆಂಪೋ ತೆಗೆದುಕೊಂಡು ಹೋದ.

ಒಂದೇ ಪ್ರಶ್ನೆ ಇದೆ. ತಿರುಗಿಸಿ ಮುರುಗಿಸಿ ಬರೆಯದೆ ಉತ್ತರ ಕೊಡು. ನಿನ್ನ ಕಾಯಿದೆ ಶರಣವ್ವನಿಗೆ ಮಷಿನ್ ಕೊಡಿಸುತ್ತದೆಯೋ ಇಲ್ಲವೋ?

ದಾಕ್ಷಾಯಿಣಿ


ಹ್ಯಾಂಬರ್ಗ್
೧೮ ಜನವರಿ ೨೦೨೬

ಅಜ್ಜಿ,

ಇಲ್ಲ.

ಈ ಕಾಯಿದೆ ಕಂಪನಿಯನ್ನು ಪ್ರಶ್ನೆ ಕೇಳುತ್ತದೆ. ಕಂಪನಿ ನೊಂದವರಿಗೆ ಇಂಥದ್ದು ಕೊಡಲೇಬೇಕೆಂದು ಹೇಳುವುದಿಲ್ಲ. ಕೊಟ್ಟರೆ ಅದು ಅವರ ಮನಸ್ಸು. ಇದು ನನಗೆ ಜೂನ್ ತಿಂಗಳಿನಲ್ಲೇ ಗೊತ್ತಿತ್ತು. ದೂರಿನ ಒತ್ತಾಯಕ್ಕೆ ಕೆಲವು ಸಲ ಕೊಟ್ಟದ್ದನ್ನು ಕಂಡಿದ್ದೆ, ಈ ಸಲವೂ ಕೊಡುತ್ತಾರೆಂದು ನಂಬಿದ್ದೆ. ಇಲ್ಲ ಎಂದು ಮೊದಲೇ ಬರೆದಿದ್ದರೆ ನೀವು ಹೆಸರು ಕೊಡುತ್ತಿರಲಿಲ್ಲ. ಹೆಸರು ಬರಲಿ ಎಂದು ನಾನು ಆ ಮಾತನ್ನು ಬರೆಯದೆ ಬಿಟ್ಟೆ.

ಕಂಪನಿ ಕಡತ ಮುಚ್ಚಿದೆ. ಆ ಗೋದಾಮಿಗೂ ತಮಗೂ ಈಗ ವ್ಯವಹಾರವಿಲ್ಲ, ಆದ್ದರಿಂದ ಸರಿಪಡಿಸುವುದಕ್ಕೂ ಏನಿಲ್ಲ ಅನ್ನುತ್ತದೆ. ನಿಮ್ಮ ಪತ್ರ ಬಂದ ಮೇಲೆ, ಕೊಳ್ಳುವುದನ್ನು ನಿಲ್ಲಿಸಬೇಡಿ, ಸರಿಪಡಿಸಿ ಎಂದು ನಾವು ಮತ್ತೆ ಮತ್ತೆ ಬರೆದೆವು. ಇಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿದೆ. ಇಂಥ ಕಾಯಿದೆಗಳಿಂದ ವ್ಯಾಪಾರಕ್ಕೆ ಭಾರವಾಗುತ್ತದೆಂದು ಅವುಗಳನ್ನು ಸಡಿಲ ಮಾಡುತ್ತಿದ್ದಾರೆ. ಸರ್ಕಾರಿ ಕಚೇರಿಗೂ ಮೊದಲಿನ ಉತ್ಸಾಹವಿಲ್ಲ.

ಇನ್ನೊಂದನ್ನೂ ಬರೆದುಬಿಡುತ್ತೇನೆ. ಭಾರತದ ದೂರುಗಳನ್ನು ನೋಡುವ ನಮ್ಮ ವಿಭಾಗ ಫೆಬ್ರವರಿ ಕೊನೆಗೆ ಮುಚ್ಚುತ್ತದೆ. ನನಗೆ ಇದು ಆಗಸ್ಟಿನಿಂದ ಗೊತ್ತು. ನಿಮ್ಮ ದೂರು ಅದಕ್ಕಿಂತ ಮೊದಲೇ ಮುಗಿಯುತ್ತದೆಂದುಕೊಂಡಿದ್ದೆ.

ಅಷ್ಟರೊಳಗೆ ಒಂದೇ ದಾರಿ ಉಳಿದಿದೆ. ಆ ಕಂಪನಿಗೆ ಈಗ ಕಾಯಿ ಕೊಡುತ್ತಿರುವ ಗೋದಾಮಿನಲ್ಲಿ, ಈಗ ದುಡಿಯುತ್ತಿರುವ ಯಾರಾದರೂ ತಮ್ಮ ಹೆಸರಿನಲ್ಲಿ ಬರೆದುಕೊಟ್ಟರೆ ಹೊಸ ದೂರು ಹಾಕಬಹುದು. ಹಳೆಯದನ್ನು ಅದರ ಜೊತೆ ಜೋಡಿಸಬಹುದು. ಕೇಳಲು ನನಗೆ ಮುಖವಿಲ್ಲ. ತಿಳಿಸದೆ ಇರುವುದನ್ನು ಇನ್ನು ಮಾಡಬಾರದೆಂದು ತಿಳಿಸುತ್ತಿದ್ದೇನೆ.

ವೃಂದಾ


ಉಣಕಲ್
೯ ಫೆಬ್ರವರಿ ೨೦೨೬

ಚಿ. ವೃಂದಾಳಿಗೆ ಆಶೀರ್ವಾದ.

ನಿನ್ನ ಪತ್ರ ಓದಿ ಮಡಚಿ ಇಟ್ಟೆ. ನೀನು ಮುಚ್ಚಿಟ್ಟದ್ದಕ್ಕೆ ನಾನು ಏನೂ ಹೇಳುವುದಿಲ್ಲ. ಆ ವಿಷಯದಲ್ಲಿ ನಿನಗೆ ಬುದ್ಧಿ ಹೇಳುವ ಮನೆ ಇದಲ್ಲ.

ಸಂಕ್ರಾಂತಿ ಆದ ಮೇಲೆ ಗೋದಾಮು ಮತ್ತೆ ತೆರೆಯಿತು. ಬೋರ್ಡಿನ ಮೇಲೆ ಬಸವಪ್ರಭುವಿನ ಅಳಿಯನ ಹೆಸರಿದೆ. ಬಾಗಿಲು ಅದೇ, ಮುಕಾದಮ ಅವನೇ, ಚೀಲದ ಮೇಲಿನ ಗುರುತೂ ಅದೇ. ಹೆಂಗಸರೆಲ್ಲ ಹಿಂದಿರುಗಿದರು. ಮಾಬೂಬಿಯನ್ನು ಮೊದಲು ಒಲ್ಲೆ ಅಂದರಂತೆ. ಅವಳು ಮುಕಾದಮನ ಮನೆಗೆ ಹೋಗಿ ಇನ್ನು ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿ ಬಂದಿದ್ದಾಳೆ. ಅವಳನ್ನು ನಾನು ಇನ್ನೊಂದು ಸಲ ಕೇಳುವವಳಲ್ಲ. ತನ್ನ ಹೆಸರು ಎತ್ತಬೇಡಿ ಎಂದು ಶರಣವ್ವ ಹೇಳಿದ್ದಾಳೆ. ಉಳಿದದ್ದು ನನ್ನ ಹೆಸರು.

ಹೀಗೆ ವಿಚಾರ ಮಾಡಿ ಹಳೆಯ ಸೀರೆ ಉಟ್ಟು, ಒಂದು ಡಬ್ಬಿಯಲ್ಲಿ ರೊಟ್ಟಿ ಪಲ್ಯ ಕಟ್ಟಿಕೊಂಡು ಬೆಳಿಗ್ಗೆ ಗೋದಾಮಿಗೆ ನಡೆದುಕೊಂಡೇ ಹೋದೆ. ಈಗ ದುಡಿಯುತ್ತಿರುವವಳು ಬೇಕೆಂದು ನೀನು ಬರೆದಿದ್ದೆ. ಒಂದು ವಾರ ದುಡಿದು ನಿನಗೆ ಬರೆದುಕೊಡಬೇಕೆಂದಿದ್ದೆ. ಎಪ್ಪತ್ತೊಂದು ವರ್ಷದವಳು ತೊಟ್ಟು ಬಿಡಿಸಬಾರದೆಂದು ಎಲ್ಲೂ ಇಲ್ಲ.

ಒಳಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಯಿತು. ಖಾಲಿ ಗೋಣಿ ಒಂದನ್ನು ಹಾಸಿಕೊಂಡು ಸಾಲಿನಲ್ಲಿ ಕೂತೆ. ಕಾಯಿ ಮುಂದೆ ಎಳೆದುಕೊಂಡೆ. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿದರು. ಆಮೇಲೆ ಎದ್ದು ನಿಂತರು. ನಾನು ಕೂತಿರುವಾಗ ಅವರು ನಿಂತೇ ಇದ್ದರು. ನಮ್ಮ ಅಂಗಳದಲ್ಲಿ ದುಡಿದವರು, ಇಲ್ಲವೇ 'ಅಂಗಡಿ ಅವ್ವಾರು' ಬಂದರೆ ಏಳಬೇಕೆಂದು ತಾಯಂದಿರಿಂದ ಕಲಿತವರು. ಕೂಡ್ರಿ ಎಂದೆ. ಯಾರೂ ಕೂರಲಿಲ್ಲ.

ಮುಕಾದಮ ಓಡಿ ಬಂದ. ಆಫೀಸಿನಿಂದ ಕುರ್ಚಿ ತರಿಸಿ ನನ್ನ ಪಕ್ಕ ಇಟ್ಟ, ಅದರ ಮೇಲೆ ಟವೆಲು ಹಾಸಿದ. ಚಹಾ ಬಂತು. ದುಡಿಯಲು ಬಂದಿದ್ದೇನೆ, ಹೆಸರು ಹಚ್ಚಿಕೋ ಎಂದು ಹೇಳಿದೆ. ಅವನು ಚಾಷ್ಟಿ ಎಂದು ತಿಳಿದು ನಕ್ಕ. ಮತ್ತೆ ಹೇಳಿದೆ. ಆಗ ಅವನಿಗೆ ಹೆದರಿಕೆಯಾಗಿ ಬಸವಪ್ರಭುವಿಗೆ ಫೋನು ಮಾಡಿದ.

ಅಷ್ಟರಲ್ಲಿ ಮಾಬೂಬಿ ಹತ್ತಿರ ಬಂದು ಬಗ್ಗಿದಳು. ಸಿಟ್ಟಿನಿಂದ ಹೇಳಲಿಲ್ಲ. "ಏಳ್ರಿ ಅವ್ವಾರ. ನಮ್ದು ತೂಕದ ಲೆಕ್ಕದ ಕೆಲಸ. ನೀವು ಇಲ್ಲಿ ಕುಂತಷ್ಟ ಹೊತ್ತು ಯಾರ ಕೈನೂ ನಡಿಯೂದಿಲ್ಲ."

ನಾನು ಎದ್ದು ಕುರ್ಚಿಯ ಮೇಲೆ ಕೂತೆ. ಅವರು ನೆಲದ ಮೇಲೆ ಕೂತರು. ಕೈಗಳು ಮತ್ತೆ ಓಡತೊಡಗಿದವು.

ಬಸವಪ್ರಭು ಬಂದವನೇ ನನ್ನ ಕಾಲು ಮುಟ್ಟಿದ. ನಮ್ಮ ಯಜಮಾನರ ಹೆಸರೆತ್ತಿದ. ನೀವು ಇಲ್ಲಿ ಕೂಲಿ ಮಾಡಿದರೆ ನಾನು ಊರಲ್ಲಿ ಹೇಗೆ ತಲೆ ಎತ್ತಲಿ ಎಂದು ಕೇಳಿದ. ಕಿಟಕಿ ಇಡಿಸಿ ತಲೆ ಎತ್ತು ಅಂದೆ. ಅವನು ಗೋಡೆ ನೋಡಿದ. ಕಂಪನಿಯ ಖರೀದಿಯವರಿಗೆ ಇದು ಅದೇ ಗೋದಾಮೆಂದು ಗೊತ್ತಿಲ್ಲವೇ ಎಂದು ಕೇಳಿದೆ.

"ಗೊತ್ತಿಲ್ದ ಏನ್ರಿ ಆಯಿ. ಹೆಸರ ಬದ್ಲಿ ಮಾಡ್ಕೊ ಅಂತ ಹೇಳಿದಾವ್ರ ಅವ್ರು. ಕಿಟಕಿ ಇಡಸು ಅಂತ ಯಾರೂ ಹೇಳಿಲ್ಲ. ಇಡಸಿದ್ರ ರೇಟಿನ್ಯಾಗ ಕೊಡ್ತೇವಿ ಅಂತನೂ ಹೇಳಿಲ್ಲ," ಅಂದ.

ಅವನನ್ನು ದ್ವೇಷಿಸಬೇಕೆಂದು ಮನಸ್ಸು ಮಾಡಿ ಹೋಗಿದ್ದೆ. ಅವನೂ ಎರಡು ಸಲ ಕೆಮ್ಮಿದ. ಶರಣವ್ವ ಅಕ್ಕ ಹೇಗಿದ್ದಾಳೆ ಎಂದು ಕೇಳಿದ. ನನ್ನನ್ನು ತನ್ನ ಕಾರಿನಲ್ಲಿ ಮನೆಗೆ ಕಳಿಸಿದ. ಡ್ರೈವರನು ಹಿಂದಿನ ಬಾಗಿಲು ತೆರೆದು ಹಿಡಿದುಕೊಂಡ. ನಾನು ಹತ್ತಿದೆ. ಬೇರೇನು ಮಾಡಬಹುದಿತ್ತೆಂದು ದಾರಿಯುದ್ದಕ್ಕೂ ವಿಚಾರ ಮಾಡಿದೆ.

ಹೀಗಾಗಿ ನಿನಗೆ ಕಳಿಸಲು ನನ್ನ ಹತ್ತಿರ ಹೆಸರಿಲ್ಲ. ಇದ್ದ ಹೆಸರು ಕೂಲಿಯವಳದು ಆಗಲಿಲ್ಲ. ನಿನ್ನ ವಿಭಾಗ ಮುಚ್ಚಿದ ಮೇಲೆ ಬೇರೆ ಕೆಲಸ ನೋಡಿಕೋ. ದತ್ತುವಿಗೆ ಚಿಂತೆಯಾಗುವಂಥದ್ದನ್ನು ಬರೆಯಬೇಡ. ಈ ಕಾಗದವನ್ನು ಮಾತ್ರ ಎಲ್ಲಿಯಾದರೂ ಇಡು. ಗೋದಾಮಿನ ಹೊಸ ಹೆಸರನ್ನು ಚೀಟಿಯಲ್ಲಿ ಬರೆದಿದ್ದೇನೆ. ಎಂದಾದರೂ ಯಾರಾದರೂ ಕೇಳಿದರೆ ಕೊಡು.

ಮನೆಗೆ ಬಂದಾಗ ಶರಣವ್ವ ಎಚ್ಚರವಾಗಿದ್ದಳು. ನಾನು ಎಲ್ಲಿಗೆ ಹೋಗಿದ್ದೆನೆಂದು ಹೇಳಲಿಲ್ಲ, ಆದರೆ ಸೀರೆಯ ಘಾಟಿಗೆ ಅವಳು ಕೆಮ್ಮತೊಡಗಿದಳು. ಕೆಮ್ಮು ನಿಲ್ಲುವವರೆಗೆ ನಾನು ಹೊಸ್ತಿಲಲ್ಲೇ ನಿಂತೆ. ಅವಳು ಸಿಟ್ಟಾಗಲಿಲ್ಲ. ಉಸಿರು ಸಿಕ್ಕ ಮೇಲೆ ಕೇಳಿದಳು:

"ಬಾಗಲದ ಬಾಜೂಕ... ಕಂಬದ ಕೆಳಗ... ನನ್ನ ಜಾಗಾದಾಗ ಯಾರ ಕುಂತಾರ?"

ಅಲ್ಲಿ ಮಾಬೂಬಿಯ ಸೊಸೆ ನಿಶಾತ ಕೂತಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡು, ತಲೆ ಎತ್ತದೆ, ಎಲ್ಲರಿಗಿಂತ ಬೇಗ ಬೇಗ ಬಿಡಿಸುತ್ತಿದ್ದಳು. ಅವಳಿಗೆ ಇನ್ನೂ ಇಪ್ಪತ್ತಾರು ತುಂಬಿಲ್ಲ.

"ಯಾರೂ ಇಲ್ಲವಾ," ಅಂದೆ.

ಶರಣವ್ವ ನನ್ನನ್ನು ನೋಡಿದಳು. "ಅವ್ರು ಖಾಲಿ ಬಿಡೂದಿಲ್ಲ ಅತ್ತಿ," ಎಂದು ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು.

ದಾಕ್ಷಾಯಿಣಿ